ರೂಸ್‌ವೆಲ್ಟರ ಐದಾರು ಸಿಗರೇಟು

ಅರ್ಥಶಾಸ್ತ್ರ ಓದಿದವರಿಗೆ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅಪರಿಚಿತರಲ್ಲ. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಅಮೆರಿಕ ತತ್ತರಿಸುತ್ತಿದ್ದಾಗ ನ್ಯೂ ಡೀಲ್ ಕಾರ್ಯಕ್ರಮದ ಮೂಲಕ ಸರ್ಕಾರವೇ ಮುಂದೆ ನಿಂತು ಉದ್ಯೋಗ ಕೊಡಬೇಕೆಂದು ತೋರಿಸಿದ, 1935ರಲ್ಲಿ ಸಾಮಾಜಿಕ ಭದ್ರತಾ ಕಾಯ್ದೆ ತಂದ ಅಧ್ಯಕ್ಷರು ಅವರು. ಎಂ.ಎ. ತರಗತಿಯಲ್ಲಿ ಇವನ್ನೆಲ್ಲ ನಾವು ಪರೀಕ್ಷೆಗಾಗಿ ಓದಿದೆವು. ಅವರ ಕೈಬಿಡದ ಸಿಗರೇಟಿನ ವಿಚಾರವನ್ನು ಪಠ್ಯಪುಸ್ತಕಗಳು ಹೇಳಲಿಲ್ಲ. ಸರ್ಕಾರಿ ಸೇವೆಯಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳನ್ನು ಸುತ್ತಿದ ಮೇಲೆ, ಅದನ್ನೂ ಹೇಳಬೇಕಿತ್ತು ಎಂದು ನನಗೆ ಅನ್ನಿಸಿದೆ.

ಅದಕ್ಕೆ ಕಾರಣವಿದೆ. ಆ ಸೀಮೆಯಲ್ಲಿ ಅಂಗವಿಕಲ ವೇತನ ಕೋರಿ ಬರುತ್ತಿದ್ದ ಅರ್ಜಿಗಳಲ್ಲಿ ಹುಟ್ಟಿನಿಂದ ಅಂಗವೈಕಲ್ಯ ಇದ್ದವರ ಜೊತೆಗೆ, ಐವತ್ತರ ಆಸುಪಾಸಿನಲ್ಲಿ ಲಕ್ವ ಹೊಡೆದು ಒಂದು ಕೈ, ಒಂದು ಕಾಲು ಕಳೆದುಕೊಂಡ ದುಡಿಮೆಗಾರರೂ ಇರುತ್ತಿದ್ದರು. ರೇಷ್ಮೆ ನೂಲು ತೆಗೆಯುವವನಿಗಾಗಲಿ, ಚನ್ನಪಟ್ಟಣದಲ್ಲಿ ಮರ ಕಡೆದು ಗೊಂಬೆಗೆ ಅರಗಿನ ಬಣ್ಣ ಹಚ್ಚುವವನಿಗಾಗಲಿ, ಮಾಗಡಿಯ ರಾಗಿ ಹೊಲದ ರೈತನಿಗಾಗಲಿ ಎರಡು ಕೈಗಳೇ ಬಂಡವಾಳ. ಬೀಡಿ, ಸಿಗರೇಟಿನ ಬಗ್ಗೆ ವಿಚಾರಿಸಿದರೆ ಬಹುಪಾಲು ಜನರ ಉತ್ತರ ಒಂದೇ: ಈಚೆಗೆ ಬಹಳ ಕಡಿಮೆ ಮಾಡಿದ್ದೇನೆ. ರೂಸ್‌ವೆಲ್ಟರೂ ಕಡಿಮೆ ಮಾಡಿದ್ದರು.

1882ರ ಜನವರಿ 30ರಂದು ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕ್‌ನ ಶ್ರೀಮಂತ ಮನೆತನದಲ್ಲಿ ಅವರು ಹುಟ್ಟಿದರು. 1921ರಲ್ಲಿ, 39ನೇ ವಯಸ್ಸಿನಲ್ಲಿ, ಪೋಲಿಯೊ ತಗುಲಿ ಎರಡೂ ಕಾಲುಗಳ ಸ್ವಾಧೀನ ತಪ್ಪಿತು. ರಾಜಕೀಯ ಜೀವನ ಮುಗಿಯಿತೆಂದು ಹಲವರು ಭಾವಿಸಿದರೂ ಅವರು ಸೋಲಲಿಲ್ಲ. ನ್ಯೂಯಾರ್ಕಿನ ಗವರ್ನರ್ ಆದರು. 1933ರ ಮಾರ್ಚ್‌ನಲ್ಲಿ ಅಧ್ಯಕ್ಷರಾದರು. ಒಟ್ಟು ನಾಲ್ಕು ಬಾರಿ ಆ ಹುದ್ದೆಗೆ ಚುನಾಯಿತರಾದರು. ಅಂಥ ದೃಢಸಂಕಲ್ಪದ ವ್ಯಕ್ತಿಯ ಛಾಯಾಚಿತ್ರಗಳಲ್ಲಿ ಎದ್ದು ಕಾಣುವುದು ಮೇಲಕ್ಕೆ ಎತ್ತಿದ ಗದ್ದ ಮತ್ತು ಹಲ್ಲಿನ ನಡುವೆ ಕಚ್ಚಿದ ಉದ್ದನೆಯ ಸಿಗರೇಟು ಕೊಳವೆ. ಆ ಕಾಲಕ್ಕೆ ಅದು ಆತ್ಮವಿಶ್ವಾಸದ ಲಾಂಛನವಾಗಿತ್ತು.

ಒಳಗೆ ನಡೆಯುತ್ತಿದ್ದುದು ಬೇರೆ. 1937ರಲ್ಲಿ 162/98 ಇದ್ದ ಅವರ ರಕ್ತದೊತ್ತಡ 1941ರ ಹೊತ್ತಿಗೆ 188/105ಕ್ಕೆ ಏರಿತ್ತು. ಖಾಸಗಿ ವೈದ್ಯರಾಗಿದ್ದ ರಾಸ್ ಮೆಕಿಂಟೈರ್ ಕಿವಿ, ಮೂಗು, ಗಂಟಲಿನ ತಜ್ಞರು. 1944ರ ಮಾರ್ಚ್‌ನಲ್ಲಿ ನೌಕಾಪಡೆಯ ಆಸ್ಪತ್ರೆಯಲ್ಲಿ ಹೊವಾರ್ಡ್ ಬ್ರೂನ್ ಎಂಬ ಯುವ ಹೃದ್ರೋಗ ತಜ್ಞರು ಪರೀಕ್ಷಿಸಿದಾಗ ರಕ್ತದೊತ್ತಡ 186/108 ಇತ್ತು. ಹೃದಯ ಹಿಗ್ಗಿ ದುರ್ಬಲವಾಗಿತ್ತು. ರಕ್ತದೊತ್ತಡ ಇಳಿಸುವ ಪರಿಣಾಮಕಾರಿ ಮಾತ್ರೆಗಳು ಆಗ ಇರಲಿಲ್ಲ. ವಿಶ್ರಾಂತಿ, ಪಥ್ಯ, ಹೃದಯಕ್ಕೆ ಡಿಜಿಟಾಲಿಸ್, ಸಿಗರೇಟಿನಲ್ಲಿ ಕಡಿತ - ಇವಿಷ್ಟೇ ಚಿಕಿತ್ಸೆ. ರೂಸ್‌ವೆಲ್ಟ್ ಆಜ್ಞಾಧಾರಕ ರೋಗಿಯೇ ಆಗಿದ್ದರು. ದಿನಕ್ಕೆ 20ರಿಂದ 30 ಸೇದುತ್ತಿದ್ದವರು ಐದಾರಕ್ಕೆ ಇಳಿಸಿದರು. ಆದರೆ ಪೂರ್ತಿ ಬಿಡಲಿಲ್ಲ. ಅವರ ಆರೋಗ್ಯ ಚೆನ್ನಾಗಿದೆ ಎಂದೇ ಮತದಾರರಿಗೆ ಹೇಳಲಾಯಿತು.

1945ರ ಫೆಬ್ರವರಿಯಲ್ಲಿ ಯಾಲ್ಟಾ ಸಮ್ಮೇಳನ ಮುಗಿಸಿ ಬಂದಾಗ ಅವರು ಬಹಳ ಬಳಲಿದ್ದರು. ಏಪ್ರಿಲ್ 12ರಂದು ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ಕಲಾವಿದೆಯೊಬ್ಬರು ಅವರ ಭಾವಚಿತ್ರ ಬರೆಯುತ್ತಿದ್ದರು. ತಲೆಯ ಹಿಂಭಾಗದಲ್ಲಿ ಅಸಹನೀಯ ನೋವೆಂದವರೇ ಕುಸಿದರು. ರಕ್ತದೊತ್ತಡ 300ನ್ನು ಮೀರಿತ್ತು. ಮಿದುಳಿನಲ್ಲಿ ರಕ್ತಸ್ರಾವವಾಗಿ, ಮಧ್ಯಾಹ್ನ 3 ಗಂಟೆ 35 ನಿಮಿಷಕ್ಕೆ ಪ್ರಾಣ ಹೋಯಿತು. ಆಗ ಅವರಿಗೆ 63 ವರ್ಷ. ಯುದ್ಧದ ಗೆಲುವನ್ನು ಕಾಣಲು ಅವರು ಉಳಿಯಲಿಲ್ಲ.

ಈ ಸಾವಿಗೆ ಸಿಗರೇಟೊಂದೇ ಕಾರಣವೆಂದರೆ ಅದು ಅತಿಶಯೋಕ್ತಿ. ಮುಖ್ಯ ಶತ್ರು ರಕ್ತದೊತ್ತಡವೇ. ಆದರೆ ಸಿಗರೇಟಿನ ಪಾಲೆಷ್ಟು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅವರ ಮರಣಾನಂತರ. 1948ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಫ್ರಾಮಿಂಗ್‌ಹ್ಯಾಮ್‌ನಲ್ಲಿ ಒಂದು ಅಧ್ಯಯನ ಆರಂಭವಾಯಿತು. ನಮ್ಮ ಕನಕಪುರ, ಚನ್ನಪಟ್ಟಣಗಳಂತೆ ಅದೂ ದೊಡ್ಡ ನಗರದ ಸಮೀಪದ ಸಾಧಾರಣ ಊರು. ಅಲ್ಲಿನ 5,209 ಸ್ತ್ರೀಪುರುಷರನ್ನು ದಶಕಗಳ ಕಾಲ ಮತ್ತೆ ಮತ್ತೆ ಪರೀಕ್ಷಿಸಲಾಯಿತು. ಅವರಲ್ಲಿ 4,255 ಜನರ 26 ವರ್ಷಗಳ ಮಾಹಿತಿಯನ್ನು ಆಧರಿಸಿದ ವರದಿ 1988ರಲ್ಲಿ ಪ್ರಕಟವಾಯಿತು. ವಯಸ್ಸು, ರಕ್ತದೊತ್ತಡಗಳ ಪಾಲನ್ನು ಕಳೆದ ಮೇಲೂ ಸಿಗರೇಟು ತನ್ನಷ್ಟಕ್ಕೇ ಪಾರ್ಶ್ವವಾಯುವಿಗೆ ಕಾರಣವೆಂದು ಅದು ತೋರಿಸಿತು. ದಿನಕ್ಕೆ 40ಕ್ಕಿಂತ ಹೆಚ್ಚು ಸೇದುವವರ ಅಪಾಯ ಹತ್ತಕ್ಕಿಂತ ಕಡಿಮೆ ಸೇದುವವರ ಎರಡರಷ್ಟಿತ್ತು. ಬಿಟ್ಟವರಲ್ಲಿ ಎರಡು ವರ್ಷಗಳಲ್ಲೇ ಅಪಾಯ ಗಣನೀಯವಾಗಿ ಇಳಿದು, ಐದು ವರ್ಷಗಳಲ್ಲಿ ಎಂದೂ ಸೇದದವರ ಮಟ್ಟಕ್ಕೆ ಬಂತು.

ಇದರ ಹಿಂದಿನ ಕ್ರಿಯೆ ನಿಗೂಢವೇನಲ್ಲ. ನಿಕೋಟಿನ್ ರಕ್ತದೊತ್ತಡವನ್ನು ಏರಿಸುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಆಕ್ರಮಿಸುತ್ತದೆ. ರಕ್ತನಾಳಗಳ ಒಳಪದರ ಹಾಳಾಗಿ, ರಕ್ತ ಹೆಪ್ಪುಗಟ್ಟುವ ಪ್ರವೃತ್ತಿ ಹೆಚ್ಚುತ್ತದೆ. ಬೀಡಿ ಎಲೆಯದ್ದಾದ್ದರಿಂದ ನಿರಪಾಯ ಎಂಬ ನಮ್ಮ ಹಳ್ಳಿಗಳ ನಂಬಿಕೆಗೆ ಆಧಾರವಿಲ್ಲ.

ಕಡಿಮೆ ಮಾಡಿದರೆ ಸಾಲದೆ ಎಂಬ ಪ್ರಶ್ನೆಗೂ ಈಗ ಉತ್ತರವಿದೆ. 141 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಂತೆ, ದಿನಕ್ಕೆ 20ರ ಬದಲು ಒಂದೇ ಸಿಗರೇಟು ಸೇದುವವರಲ್ಲೂ ಪಾರ್ಶ್ವವಾಯುವಿನ ಹೆಚ್ಚುವರಿ ಅಪಾಯದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಉಳಿದೇ ಇರುತ್ತದೆ. ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಇಪ್ಪತ್ತರಲ್ಲಿ ಹತ್ತೊಂಬತ್ತು ಪಾಲು ಖರ್ಚು ಕಡಿತ ಮಾಡಿದರೂ ಸಾಲ ಅದೇ ಪ್ರಮಾಣದಲ್ಲಿ ತೀರುವುದಿಲ್ಲ. ಕೊನೆಯ ಆ ಒಂದನ್ನು ಬಿಡುವುದರಲ್ಲೇ ದೊಡ್ಡ ಲಾಭವಿದೆ.

ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಟ್ಟು ತಂಬಾಕು ಬಳಕೆ 2009-10ರ ಶೇ 28.2ರಿಂದ 2016-17ರಲ್ಲಿ ಶೇ 22.8ಕ್ಕೆ ಇಳಿಯಿತು. 21 ವರ್ಷದೊಳಗಿನವರಿಗೆ ಮಾರಾಟವನ್ನು ನಿಷೇಧಿಸುವ ರಾಜ್ಯದ ತಿದ್ದುಪಡಿ ಕಾಯ್ದೆ 2025ರಲ್ಲಿ ಜಾರಿಗೆ ಬಂತು. ಅದೇ ವರ್ಷ ಈ ತಾಲ್ಲೂಕುಗಳ ಜಿಲ್ಲೆಯ ಹೆಸರೂ ಬೆಂಗಳೂರು ದಕ್ಷಿಣ ಎಂದಾಯಿತು. ಹೆಸರಿಗಿಂತ ಮುಖ್ಯವಾದುದು ಗೂಡಿನ ಮಾರುಕಟ್ಟೆ, ಹಾಲಿನ ಡೇರಿ, ಸಂತೆಗಳಲ್ಲಿ ರಕ್ತದೊತ್ತಡ ಅಳೆಯುವ ವ್ಯವಸ್ಥೆ. ಅಳೆಯುವವರು ಬೀಡಿಯ ಲೆಕ್ಕ ಕೇಳಿ, ಕಡಿಮೆ ಮಾಡಿ ಎನ್ನದೆ ಪೂರ್ತಿ ಬಿಡಿ ಎಂದು ಹೇಳಬೇಕು. ಬಿಡಲು ನೆರವು ಬೇಕಾದವರಿಗೆ 1800-11-2356 ಎಂಬ ಉಚಿತ ದೂರವಾಣಿ ಇದೆ. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ನಾಟಿ ಔಷಧಿ ಹುಡುಕದೆ 108ಕ್ಕೆ ಕರೆಮಾಡಬೇಕು. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳ ಗಡುವಿದೆ.

ಜಗತ್ತಿನ ಅತ್ಯಂತ ಪ್ರಬಲ ಅಧ್ಯಕ್ಷರಿಗೂ 1944ರಲ್ಲಿ ಈ ತಿಳಿವಳಿಕೆಯಾಗಲಿ, ಮಾತ್ರೆಗಳಾಗಲಿ ಲಭ್ಯವಿರಲಿಲ್ಲ. ಇಂದು ಇವೆರಡೂ ಮಾಗಡಿಯ ರೈತನಿಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ದೊರೆಯಬಲ್ಲವು. ಅವನ ಎರಡೂ ಕೈ ಉಳಿಯುವುದು ಅವನ್ನು ಬಳಸಿಕೊಳ್ಳುವುದರ ಮೇಲೆ ನಿಂತಿದೆ.