ಜಿನ್-ಟಾನಿಕ್ ಕುಡಿದರೆ ಮಲೇರಿಯಾ ಬರುವುದಿಲ್ಲವೇ? ರೊನಾಲ್ಡ್ ರಾಸ್ ಬದುಕು ಹೇಳುವುದೇ ಬೇರೆ

ಮನೆಯಲ್ಲೇ ಜಿನ್‌ಗೆ ಟಾನಿಕ್ ವಾಟರ್ ಬೆರೆಸಿ, ನಿಂಬೆ ಹಿಂಡಿ ಕುಡಿದರೆ ಮಲೇರಿಯಾ ಬರುವುದಿಲ್ಲ ಎಂದು ನಂಬುವವರಿದ್ದಾರೆ. ಟಾನಿಕ್‌ನಲ್ಲಿ ಮಲೇರಿಯಾ ಔಷಧಿ ಕ್ವಿನೈನ್ ಇರುವುದು ನಿಜ. ಆದರೆ ಈ ರೋಗ ಹರಡುವ ಬಗೆಯನ್ನು ಕಂಡುಹಿಡಿದ ರೊನಾಲ್ಡ್ ರಾಸ್ ಕಣ್ಣಿಟ್ಟಿದ್ದು ನಿಂತ ನೀರಿನ ಮೇಲೆ.

1857ರಲ್ಲಿ ಅಲ್ಮೋರಾದಲ್ಲಿ ಹುಟ್ಟಿದ ರಾಸ್, ಲಂಡನ್‌ನಲ್ಲಿ ವೈದ್ಯಕೀಯ ಓದಿ 1881ರಲ್ಲಿ ಭಾರತದ ಸರ್ಕಾರಿ ವೈದ್ಯಕೀಯ ಸೇವೆಗೆ ಸೇರಿದರು. 1883ರಲ್ಲಿ ಬೆಂಗಳೂರಿಗೆ ಬಂದಾಗ ಅವರ ಬಂಗಲೆಯಲ್ಲಿ ವಿಪರೀತ ಸೊಳ್ಳೆಕಾಟ. ಕಿಟಕಿಯಾಚೆಯ ತೊಟ್ಟಿಯಲ್ಲಿ ಸೊಳ್ಳೆಮರಿಗಳನ್ನು ಕಂಡು ನೀರು ಚೆಲ್ಲಿದರು, ಕಾಟ ತಗ್ಗಿತು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ರೋಗಾಣು ಅವರ ಕಣ್ಣಿಗೆ ಬಿತ್ತು. ಮರುವರ್ಷ ಕಲ್ಕತ್ತಾದಲ್ಲಿ ಹಕ್ಕಿಗಳ ಮೇಲೆ ಪ್ರಯೋಗ ನಡೆಸಿ, ಸೊಳ್ಳೆ ಕಚ್ಚುವುದರಿಂದಲೇ ರೋಗ ಹರಡುತ್ತದೆ ಎಂದು ತೋರಿಸಿದರು. 1902ರಲ್ಲಿ ನೊಬೆಲ್ ಬಂತು. 1932ರಲ್ಲಿ ತೀರಿಕೊಂಡರು.

ಇನ್ನು ಗ್ಲಾಸಿನ ಲೆಕ್ಕ. ಅಮೆರಿಕದ ನಿಯಮದಂತೆ ಲೀಟರ್ ಟಾನಿಕ್‌ನಲ್ಲಿ ಕ್ವಿನೈನ್ 83 ಮಿ.ಗ್ರಾಂ ಮೀರುವಂತಿಲ್ಲ. ವಯಸ್ಕರ ಚಿಕಿತ್ಸೆಗೆ ದಿನಕ್ಕೆ ಸುಮಾರು 2,000 ಮಿ.ಗ್ರಾಂ ಬೇಕು, ಅಂದರೆ 20 ಲೀಟರ್‌ಗೂ ಹೆಚ್ಚು ಟಾನಿಕ್! ಹಾಗಾಗಿ ಇದು ಔಷಧಿಯಲ್ಲ, ಬರೀ ಪಾನೀಯ. ಚಳಿಜ್ವರ ಬಂದರೆ ರಕ್ತಪರೀಕ್ಷೆ ಮಾಡಿಸಿ. ಇವತ್ತೇ ಮನೆ ಸುತ್ತ ನಿಂತ ನೀರು ಚೆಲ್ಲಿ.