ಬರ್ಲಿನ್ನಿನ ವ್ಯಾಯಾಮ ಶಿಕ್ಷಕಿ ಬರ್ಟಾ ಬೊಬಾತ್

ಮಹಿಳಾ ವಿಭಾಗದ ಇ-ಸಂಚಿಕೆಗೆ ಸಾಧಕಿಯೊಬ್ಬರ ಬದುಕನ್ನು ಬರೆದುಕೊಡಿ ಎಂದು ಸಂಪಾದಕಿಯವರು ಕೇಳಿದಾಗ ನನಗೆ ಬೇರೆ ಹೆಸರು ಹೊಳೆಯಲೇ ಇಲ್ಲ. ಮುಂಬಯಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಮಕ್ಕಳ ಫಿಸಿಯೋಥೆರಪಿಸ್ಟ್ ಆಗಿರುವ ನನ್ನ ಬಾಯಲ್ಲಿ ಬೊಬಾತ್ ಎಂಬ ಹೆಸರು ದಿನಕ್ಕೆ ಹತ್ತು ಸಲವಾದರೂ ಬರುತ್ತದೆ. ಆದರೆ ನಮ್ಮ ವೃತ್ತಿಗೆ ಹೊಸದಾಗಿ ಬರುವ ಹುಡುಗಿಯರಲ್ಲಿ ಅನೇಕರಿಗೆ ಅದು ಬರೀ ಒಂದು ಚಿಕಿತ್ಸಾ ವಿಧಾನದ ಹೆಸರು. ಅದರ ಹಿಂದೆ ಊರು ಬಿಟ್ಟು ಬಂದು ಪರದೇಶದಲ್ಲಿ ಬದುಕು ಕಟ್ಟಿಕೊಂಡ ಹೆಣ್ಣುಮಗಳೊಬ್ಬಳಿದ್ದಳು ಎಂಬುದು ಗೊತ್ತಿರುವುದಿಲ್ಲ. ಹೊರನಾಡಿನಲ್ಲಿ ನೆಲೆಸಿದ ನಮಗೆ ಆ ಕಥೆ ತೀರಾ ಪರಕೀಯವೇನಲ್ಲ.

ಬರ್ಟಾ ಬುಸೆ ಹುಟ್ಟಿದ್ದು 1907ರ ಡಿಸೆಂಬರ್‌ನಲ್ಲಿ, ಜರ್ಮನಿಯ ಬರ್ಲಿನ್ ನಗರದಲ್ಲಿ. ಅವರು ಡಾಕ್ಟರಲ್ಲ, ನರ್ಸ್ ಅಲ್ಲ, ಆರಂಭದಲ್ಲಿ ಫಿಸಿಯೋಥೆರಪಿಸ್ಟ್ ಕೂಡ ಅಲ್ಲ. ಕಲಿತದ್ದು ವ್ಯಾಯಾಮ ಶಿಕ್ಷಣ, ಮಾಡಿದ್ದು ಅದನ್ನೇ ಕಲಿಸುವ ಕೆಲಸ. ಆದರೆ ಅವರು ಕಲಿತ ಶಾಲೆಯಲ್ಲಿ ಬೆವರಿಳಿಸುವ ಕಸರತ್ತಿಗಿಂತ ದೇಹದ ಚಲನೆಯನ್ನು ಗಮನಿಸುವುದಕ್ಕೆ ಹೆಚ್ಚು ಬೆಲೆಯಿತ್ತು. ಕೈ ಎತ್ತುವಾಗ ಭುಜ ಏನು ಮಾಡುತ್ತದೆ, ಎಲ್ಲಿ ಬಿಗಿಯುತ್ತದೆ, ಎಲ್ಲಿ ಸಡಿಲವಾಗುತ್ತದೆ ಎಂಬುದನ್ನು ಕಣ್ಣಿನಿಂದಲೂ ಕೈಯಿಂದಲೂ ಅರಿಯುವ ಅಭ್ಯಾಸ ಅದು. ಮುಂದೆ ಬರ್ಟಾ ಅವರನ್ನು ಕಾಪಾಡಿದ್ದೂ ಅದೇ ವಿದ್ಯೆ.

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಯಹೂದಿ ಮೂಲದವರಿಗೆ ಜರ್ಮನಿಯಲ್ಲಿ ಉಳಿಗಾಲವಿರಲಿಲ್ಲ. ಬರ್ಟಾ ಲಂಡನ್ನಿಗೆ ಬಂದರು. ಬರ್ಲಿನ್ನಿನಲ್ಲಿದ್ದಾಗಲೇ ಪರಿಚಯವಿದ್ದ ಡಾಕ್ಟರ್ ಕಾರೆಲ್ ಬೊಬಾತ್ ಕೂಡ 1939ರಲ್ಲಿ ಪ್ರಾಗ್ ಬಿಟ್ಟು ಅಲ್ಲಿಗೇ ಬಂದು ಸೇರಿದರು. 1941ರಲ್ಲಿ, ಯುದ್ಧದ ನಡುವೆಯೇ, ಇಬ್ಬರೂ ಮದುವೆಯಾದರು.

ಅವರ ಬದುಕು ತಿರುವು ಪಡೆದದ್ದು ಮಕ್ಕಳಿಂದಲ್ಲ, ಲಕ್ವ ಹೊಡೆದಿದ್ದ ಒಬ್ಬ ಪ್ರಸಿದ್ಧ ಭಾವಚಿತ್ರಕಾರನಿಂದ. ಆತನ ಒಂದು ಪಾರ್ಶ್ವ ಸೆಟೆದು ನಿಂತಿತ್ತು. ಆ ಕಾಲದ ಪದ್ಧತಿಯಂತೆ ಸೆಟೆದ ಕೈಯನ್ನು ಬಲವಂತವಾಗಿ ಎಳೆಯುವುದಕ್ಕೆ ಬರ್ಟಾ ಹೋಗಲಿಲ್ಲ. ಭುಜವನ್ನು, ಬೆನ್ನನ್ನು ಮೆಲ್ಲಗೆ ಬೇರೆ ಭಂಗಿಗೆ ತಂದು ನೋಡಿದರು. ಬೆರಳುಗಳು ತಾವಾಗಿಯೇ ಸಡಿಲವಾದವು. ಸೆಟೆತವೆಂಬುದು ಕಲ್ಲಿನ ಹಾಗೆ ಶಾಶ್ವತವಲ್ಲ, ದೇಹವನ್ನು ಹೇಗೆ ಹಿಡಿಯುತ್ತೇವೆ ಎಂಬುದರ ಮೇಲೆ ಅದು ಏರಿಳಿಯುತ್ತದೆ ಎಂದು ಅವರ ಕೈಗೆ ತಿಳಿದದ್ದು ಹೀಗೆ. ಕಾರೆಲ್ ಆ ಕೈಗೆ ತಿಳಿದದ್ದರ ಕಾರಣ ಹುಡುಕುತ್ತಾ ನರವಿಜ್ಞಾನದ ಗ್ರಂಥಗಳಲ್ಲಿ ಮುಳುಗಿದರು. ಹೆಂಡತಿ ಕಂಡುಹಿಡಿದದ್ದಕ್ಕೆ ಗಂಡ ವಿವರಣೆ ಬರೆಯುತ್ತಾ ಕೂತ ಸಂಸಾರಗಳು ಆ ಕಾಲದಲ್ಲಿ ಎಷ್ಟಿದ್ದವೋ!

ಅಲ್ಲಿಂದ ಬರ್ಟಾ ಲಂಡನ್ನಿನ ಪ್ರಿನ್ಸೆಸ್ ಲೂಯಿಸ್ ಮಕ್ಕಳ ಆಸ್ಪತ್ರೆಯಲ್ಲಿ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳನ್ನು ನೋಡತೊಡಗಿದರು. ಇಲ್ಲಿ ಸ್ವಲ್ಪ ವಿವರಿಸಬೇಕು, ಏಕೆಂದರೆ ನಮ್ಮಲ್ಲಿ ಇಂದಿಗೂ ಇದನ್ನು ಪೋಲಿಯೋ ಜೊತೆ ಗೊಂದಲ ಮಾಡಿಕೊಳ್ಳುವವರಿದ್ದಾರೆ. ಪೋಲಿಯೋದಲ್ಲಿ ಸ್ನಾಯುವನ್ನು ನಡೆಸುವ ನರಕೋಶಗಳು ಸಾಯುತ್ತವೆ, ಕಾಲು ಜೋಲುತ್ತದೆ. ಸೆರೆಬ್ರಲ್ ಪಾಲ್ಸಿಯಲ್ಲಿ ಪೆಟ್ಟು ಬಿದ್ದಿರುವುದು ಬೆಳೆಯುತ್ತಿರುವ ಮಿದುಳಿಗೆ. ಮಗು ತಿಂಗಳು ತುಂಬುವ ಮೊದಲೇ ಹುಟ್ಟಿರಬಹುದು, ಹೆರಿಗೆಯಲ್ಲಿ ಉಸಿರು ಸಿಗದಿರಬಹುದು, ಹುಟ್ಟಿದ ಮೇಲೆ ಕಾಮಾಲೆ ವಿಪರೀತಕ್ಕೆ ಹೋಗಿರಬಹುದು, ಮಿದುಳಿಗೆ ಸೋಂಕು ತಗುಲಿರಬಹುದು. ಸ್ನಾಯುವಿನಲ್ಲಿ ಮೊದಲಿಗೆ ದೋಷವಿಲ್ಲ. ಮೇಲಿಂದ ಬರುವ ಅಪ್ಪಣೆಯೇ ಏರುಪೇರು. ಹಾಗಿದ್ದೂ ಆ ಕಾಲದಲ್ಲಿ ಈ ಮಕ್ಕಳಿಗೂ ಕ್ಯಾಲಿಪರ್ ಕಟ್ಟಿ, ಒಂದೊಂದೇ ಸ್ನಾಯುವನ್ನು ಹಿಡಿದು ಎಳೆಯುತ್ತಿದ್ದರು. ಮಗು ಅಳುತ್ತಿತ್ತು, ಅತ್ತಷ್ಟೂ ಸೆಟೆಯುತ್ತಿತ್ತು.

ಬರ್ಟಾ ಮಗುವನ್ನು ಇಡಿಯಾಗಿ ನೋಡಿದರು. ಅಂಗಾತ ಮಲಗಿಸಿದರೆ ಬಿಲ್ಲಿನಂತೆ ಹಿಂದಕ್ಕೆ ಬಾಗುವ ಮಗು, ಸೊಂಟ ಮತ್ತು ಮಂಡಿ ಮಡಿಸಿ ಎತ್ತಿಕೊಂಡರೆ ಸಡಿಲವಾಗುತ್ತದೆ. ತಲೆ, ಭುಜ, ಸೊಂಟ ಇವು ಬೀಗದ ಕೈ ಇದ್ದ ಹಾಗೆ. ಅಲ್ಲಿ ಹಿಡಿತ ಸರಿಯಾದರೆ ಕೈಕಾಲುಗಳಿಗೆ ಚಲಿಸುವ ಅವಕಾಶ ಸಿಗುತ್ತದೆ.

ಇಷ್ಟಾದರೂ ಬ್ರಿಟನ್ನಿನಲ್ಲಿ ಅವರ ಬಳಿ ಅಧಿಕೃತ ಅರ್ಹತೆ ಇರಲಿಲ್ಲ. ಅದಕ್ಕಾಗಿ ನಲವತ್ತು ದಾಟಿದ ಮೇಲೆ ಓದಿ 1950ರಲ್ಲಿ ಫಿಸಿಯೋಥೆರಪಿಸ್ಟ್ ಆದರು. ಮಾರನೇ ವರ್ಷ, 1951ರಲ್ಲಿ, ಸ್ವಂತ ಚಿಕಿತ್ಸಾಲಯ ತೆರೆದರು. ಮುಂದೆ ಅದೇ ಬೊಬಾತ್ ಸೆಂಟರ್ ಎಂದು ಹೆಸರಾಯಿತು. ಅಲ್ಲಿನ ಎಂಟು ವಾರಗಳ ತರಬೇತಿಗೆ ಬೇರೆ ಬೇರೆ ದೇಶಗಳಿಂದ ಥೆರಪಿಸ್ಟರು ಬರತೊಡಗಿದರು. ಪುಸ್ತಕಗಳು ಬಂದವು. 1978ರಲ್ಲಿ ಬ್ರಿಟನ್ ಸರ್ಕಾರದ ಎಂ.ಬಿ.ಇ. ಗೌರವವೂ ಬಂತು.

ನನಗೆ ಅವರಲ್ಲಿ ಹೆಚ್ಚು ಇಷ್ಟವಾಗುವುದು ಗೌರವ ಬಿರುದುಗಳಲ್ಲ, ತಮ್ಮ ವಿದ್ಯೆಯನ್ನು ತಾವೇ ತಿದ್ದಿಕೊಂಡದ್ದು. ಮೊದಮೊದಲು ಮಗುವನ್ನು ಸೆಟೆತ ಇಳಿಯುವ ಭಂಗಿಗಳಲ್ಲಿ ಹಿಡಿದಿಡುತ್ತಿದ್ದರು. ಹಿಡಿದಿರುವಷ್ಟು ಹೊತ್ತು ಮಗು ಹೂವಿನಂತೆ ಇರುತ್ತಿತ್ತು. ಬಿಟ್ಟು ಎದ್ದಾಗ ಹಳೆಯ ಕಥೆಯೇ. ಇದನ್ನು ಕಂಡು ಅವರು ಆ ಕ್ರಮವನ್ನು ಬಿಟ್ಟರು. ಮಗು ಚಲಿಸುತ್ತಿರುವಾಗಲೇ ಕೈ ನೀಡಬೇಕು ಎಂದರು. ಇನ್ನೂ ಕೆಲವು ವರ್ಷಗಳಾದ ಮೇಲೆ, ಚಾಪೆಯ ಮೇಲೆ ಕಲಿತದ್ದು ಉಣ್ಣುವಾಗ, ಬಟ್ಟೆ ಹಾಕಿಕೊಳ್ಳುವಾಗ ತಾನಾಗಿ ಬರುವುದಿಲ್ಲ, ಆ ಕೆಲಸಗಳಲ್ಲೇ ಅದನ್ನು ಕಲಿಸಬೇಕು ಎಂದು ಒಪ್ಪಿಕೊಂಡರು. ಹೆಸರು ಮಾಡಿದ ಮೇಲೆ ಹೀಗೆ ಬದಲಾಗುವವರು ಕಡಿಮೆ.

ನಮ್ಮ ದೇಶಕ್ಕೆ ಬರೋಣ. 1972ರಲ್ಲಿ ಮಿಥು ಅಲೂರ್ ಅವರು, ಸೆರೆಬ್ರಲ್ ಪಾಲ್ಸಿ ಇರುವ ಮಗಳ ತಾಯಿಯಾಗಿ, ಮುಂಬಯಿಯಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಇಂಡಿಯಾ ಆರಂಭಿಸಿದರು. ಬಳಿಕ ಕೋಲ್ಕತ್ತ, ದಿಲ್ಲಿ, ಬೆಂಗಳೂರು, ಚೆನ್ನೈಗಳಲ್ಲೂ ಅಂಥ ಸಂಸ್ಥೆಗಳು ಬಂದವು. ನಮ್ಮ ತಲೆಮಾರಿನ ಥೆರಪಿಸ್ಟರು ಬೊಬಾತ್ ಕ್ರಮವನ್ನೇ ಕಲಿತು ಬೆಳೆದವರು. ಆದರೆ ಲಂಡನ್ನಿನ ಆ ಕ್ರಮಕ್ಕೆ ನುರಿತ ಕೈ ಬೇಕು, ಸಮಯ ಬೇಕು, ಹಣ ಬೇಕು. ಶ್ರೀಮಂತ ದೇಶಗಳಲ್ಲಿ ಹುಟ್ಟುವ ಸಾವಿರ ಮಕ್ಕಳಲ್ಲಿ ಸುಮಾರು ಒಂದೂವರೆಯಷ್ಟು ಮಕ್ಕಳಿಗೆ ಈ ತೊಂದರೆ ಇದ್ದರೆ, ಬಡ ದೇಶಗಳಲ್ಲಿ ಅದರ ಎರಡು ಪಟ್ಟಿನಷ್ಟು ಎಂಬ ಅಂದಾಜಿದೆ. ಮಕ್ಕಳು ಹೆಚ್ಚು ಇರುವ ಕಡೆಯೇ ಥೆರಪಿಸ್ಟರು ಕಡಿಮೆ. ಎಂಟು ವರ್ಷದ ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು, ಎರಡು ಲೋಕಲ್ ಟ್ರೇನ್ ಬದಲಿಸಿ, ಮನೆಗೆಲಸದ ಒಂದು ದಿನದ ಸಂಬಳ ಬಿಟ್ಟು ಬರುವ ತಾಯಿಗೆ ವಾರಕ್ಕೆ ಐದು ದಿನ ಬನ್ನಿ ಎನ್ನಲು ನಾಲಿಗೆ ಏಳುವುದಿಲ್ಲ.

ಇಂಥ ಕಡೆ ಉಪಯೋಗಕ್ಕೆ ಬಂದದ್ದು ಬರ್ಟಾ ಅವರ ಇನ್ನೊಂದು ಪಾಠ: ಚಿಕಿತ್ಸೆ ಎಂದರೆ ಕ್ಲಿನಿಕ್ಕಿನ ಒಂದು ಗಂಟೆಯಲ್ಲ, ಮಗುವನ್ನು ದಿನವಿಡೀ ಎತ್ತುವ, ಇಳಿಸುವ, ಉಣಿಸುವ ರೀತಿ. ಅವರ ಜೊತೆ ದುಡಿದ ನ್ಯಾನ್ಸಿ ಫಿನ್ನಿ 1968ರಲ್ಲಿ ತಾಯಂದಿರಿಗಾಗಿಯೇ ಒಂದು ಪುಸ್ತಕ ಬರೆದರು. ಮೆಕ್ಸಿಕೋದ ಹಳ್ಳಿಯೊಂದರ ಅನುಭವದಿಂದ ಡೇವಿಡ್ ವರ್ನರ್ 1987ರಲ್ಲಿ ಬರೆದ ಚಿತ್ರಭರಿತ ಪುಸ್ತಕ ಅದನ್ನು ಬಡವರ ಮನೆಯ ಮಟ್ಟಕ್ಕೆ ಇಳಿಸಿತು. ಜಿಂಬಾಬ್ವೆಯಲ್ಲಿ ಹಳೆಯ ಕಾಗದ, ರಟ್ಟು, ಹಿಟ್ಟಿನ ಅಂಟಿನಿಂದ ಮಕ್ಕಳಿಗೆ ಗಟ್ಟಿ ಕುರ್ಚಿಗಳನ್ನು ಮಾಡಿದರು. ಬಾಂಗ್ಲಾದೇಶದಲ್ಲಿ ತಾಯಂದಿರ ಗುಂಪುಗಳಿಗೆ ಕಲಿಸುವ ಕ್ರಮ ಬಂತು.

ನಾವು ಚಾಳಿನ ಮನೆಯಲ್ಲಿ ಮಾಡುವುದೂ ಇಷ್ಟೇ. ಎರಡು ಗೋಡೆ ಸೇರುವ ಮೂಲೆಯೇ ಕೂರುವ ಕುರ್ಚಿ. ಸುತ್ತಿ ಕಟ್ಟಿದ ಗಾದಿಯೇ ಕಾಲಗಲಿಸಿ ಕೂರುವ ಕುದುರೆ. ಕತ್ತರಿಯಂತೆ ಕಾಲು ಸೇರಿಸುವ ಮಗುವಿಗೆ ನಮ್ಮ ಹೆಂಗಸರು ಸೊಂಟದ ಮೇಲೆ ಕಾಲಗಲಿಸಿ ಕೂರಿಸಿಕೊಳ್ಳುವ ರೀತಿಗಿಂತ ಒಳ್ಳೆಯದು ಬೇರೊಂದಿಲ್ಲ. ಅದನ್ನು ನಮಗೆ ಯಾರೂ ಲಂಡನ್ನಿನಿಂದ ಕಲಿಸಬೇಕಿರಲಿಲ್ಲ. ಹಾಗೆಂದು ನಮ್ಮ ಪದ್ಧತಿಗಳೆಲ್ಲ ಸರಿಯೆಂದೂ ಅಲ್ಲ. ಮಗುವನ್ನು ಅಂಗಾತ ಮಲಗಿಸಿ ಒಳಲೆಯಲ್ಲಿ ಹಾಲು ಹುಯ್ಯುವುದು ಈ ಮಕ್ಕಳಿಗೆ ಅಪಾಯ, ಹಾಲು ಶ್ವಾಸಕೋಶಕ್ಕೆ ಇಳಿಯಬಹುದು. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗಿರುವಂತೆ ಹಿಡಿದು, ನಿಧಾನವಾಗಿ ಕುಡಿಸಬೇಕು.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಇತ್ತೀಚಿನ ಸಂಶೋಧನಾ ವಿಮರ್ಶೆಗಳು, ಮುಖ್ಯವಾಗಿ 2013 ಮತ್ತು 2020ರಲ್ಲಿ ಬಂದವು, ಹಳೆಯ ಬೊಬಾತ್ ಕ್ರಮದಿಂದ ಹೇಳುವಂಥ ಲಾಭವಿಲ್ಲ ಎನ್ನುತ್ತವೆ. ಮಗು ತಾನೇ ಪ್ರಯತ್ನಿಸಿ, ತನಗೆ ಬೇಕಾದ ಕೆಲಸವನ್ನು ಮತ್ತೆ ಮತ್ತೆ ಮಾಡಿ ಕಲಿಯುವುದೇ ಹೆಚ್ಚು ಫಲಕಾರಿ ಎನ್ನುತ್ತವೆ. ನಮ್ಮಲ್ಲಿ ಕೆಲವರಿಗೆ ಇದು ಗುರುನಿಂದೆಯಂತೆ ಕೇಳಿಸುತ್ತದೆ. ನನಗೆ ಹಾಗನಿಸುವುದಿಲ್ಲ. ಬರ್ಟಾ ಬದುಕಿದ್ದರೆ ಆ ಲೇಖನಗಳನ್ನು ಓದಿ ಮತ್ತೊಮ್ಮೆ ತಮ್ಮ ಪಾಠ ಬದಲಿಸುತ್ತಿದ್ದರು ಎಂದೇ ನನ್ನ ನಂಬಿಕೆ. ತಜ್ಞರ ಕೈ ಮಾತ್ರ ಮಗುವನ್ನು ಸರಿಮಾಡುತ್ತದೆ ಎಂಬ ಭಾವನೆ ಬಡ ತಾಯಿಗೆ ದುಬಾರಿಯಾಗಿತ್ತು. ಆಟ, ಊಟ, ಸ್ನಾನದಲ್ಲೇ ಅಭ್ಯಾಸ ನಡೆಯಬೇಕು ಎಂಬ ಹೊಸ ಮಾತು ಅವಳ ಕೈಗೆಟಕುತ್ತದೆ.

ಬರ್ಟಾ ಮತ್ತು ಕಾರೆಲ್ ಇಬ್ಬರೂ ಒಂದೇ ದಿನ, 1991ರ ಜನವರಿ 20ರಂದು, ಲಂಡನ್ನಿನಲ್ಲಿ ತೀರಿಕೊಂಡರು. ಅವರಿಗೆ 83 ವರ್ಷ, ಕಾರೆಲ್ ಅವರಿಗೆ 84.

ಇದನ್ನು ಓದುವ ಅಜ್ಜಿಯರಿಗೆ, ಅತ್ತೆಯಂದಿರಿಗೆ, ಚಿಕ್ಕಮ್ಮಂದಿರಿಗೆ ಒಂದು ವಿನಂತಿ. ನಾಲ್ಕು ತಿಂಗಳಾದರೂ ಕುತ್ತಿಗೆ ನಿಲ್ಲದಿದ್ದರೆ, ಮುಷ್ಟಿ ಬಿಗಿದೇ ಇದ್ದರೆ, ವರ್ಷ ತುಂಬುವ ಮೊದಲೇ ಮಗು ಒಂದೇ ಕೈ ಬಳಸುತ್ತಿದ್ದರೆ, ಒಂಬತ್ತು ತಿಂಗಳಾದರೂ ಕೂರದಿದ್ದರೆ, ನಮ್ಮ ಮನೆತನದಲ್ಲಿ ಮಕ್ಕಳು ತಡವಾಗಿಯೇ ನಡೆಯುವುದು ಎಂದು ಸೊಸೆಗೆ ಸಮಾಧಾನ ಹೇಳುತ್ತಾ ಕೂರಬೇಡಿ. ಮಕ್ಕಳ ಡಾಕ್ಟರಿಗೆ ತೋರಿಸಿ. ಮನೆಗೆಲಸಕ್ಕೆ ಬರುವ ಬಾಯಿಯ ಮಗುವಾದರೆ ಜಿಲ್ಲಾ ಆಸ್ಪತ್ರೆಗಳಲ್ಲಿ ಮಕ್ಕಳಿಗಾಗಿ ಇರುವ ಶೀಘ್ರ ಚಿಕಿತ್ಸಾ ಕೇಂದ್ರದ ಬಗ್ಗೆ ವಿಚಾರಿಸಲು ಹೇಳಿ. ಅಲ್ಲಿ ಪರೀಕ್ಷೆಯೂ ಥೆರಪಿಯೂ ಉಚಿತ. ಒಬ್ಬಳೇ ಹೋಗಲು ಹೆದರುತ್ತಾಳಾದರೆ ಮೊದಲ ಸಲ ಜೊತೆಗೆ ಹೋಗಿ.