ಪಂಡಿತಾ ರಮಾಬಾಯಿ: ಭಾರದ ನಡುವೆ ವಿಶ್ರಾಂತಿ

ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲವೆಂಬ ಅರಣ್ಯದಲ್ಲಿ 1858ನೆಯ ಇಸವಿಯ ಏಪ್ರಿಲ್ 23ರಂದು ಒಂದು ಹೆಣ್ಣುಮಗುವು ಹುಟ್ಟಿತು. ತಂದೆಯಾದ ಅನಂತಶಾಸ್ತ್ರಿ ಡೋಂಗ್ರೆಯವರು ಸಂಸ್ಕೃತದಲ್ಲಿ ದೊಡ್ಡ ವಿದ್ವಾಂಸರು. ಪತ್ನಿಯಾದ ಲಕ್ಷ್ಮೀಬಾಯಿಗೆ ದೇವಭಾಷೆಯನ್ನು ಕಲಿಸಿದರೆಂಬ ಕಾರಣಕ್ಕಾಗಿ ಸ್ವಜನರ ವಿರೋಧಕ್ಕೆ ಗುರಿಯಾಗಿ, ಅವರು ಕಾಡಿನಲ್ಲಿ ಮನೆಮಾಡಿದ್ದರು. ಅಲ್ಲಿಗೆ ಬಂದ ಯಾತ್ರಿಕರನ್ನೆಲ್ಲ ಉಪಚರಿಸಿ ಸಾಲಗಾರರಾದ ಮೇಲೆ ಆ ಮನೆಯನ್ನೂ ಬಿಡಬೇಕಾಯಿತು. ಆಗ ರಮೆಯು ಕೈಗೂಸು. ಆಕೆಯನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು, ಆಳೊಬ್ಬನ ತಲೆಯ ಮೇಲೆ ಹೊರಿಸಿ ಘಟ್ಟವನ್ನಿಳಿದರು. ಅಂದಿನಿಂದ ಆ ಕುಟುಂಬಕ್ಕೆ ನೆಲೆಯೆಂಬುದಿರಲಿಲ್ಲ.

ಕ್ಷೇತ್ರದಿಂದ ಕ್ಷೇತ್ರಕ್ಕೆ ತಿರುಗುತ್ತ, ಪುರಾಣವನ್ನು ಓದಿ ಹೇಳಿ, ಬಂದದ್ದರಲ್ಲಿ ಅವರು ಜೀವಿಸುತ್ತಿದ್ದರು. ತಾಯಿಯು ಮಗಳನ್ನು ನಸುಕಿನಲ್ಲೇ ಎಬ್ಬಿಸಿ ಪಾಠ ಹೇಳುವಳು. ಹನ್ನೆರಡು ವರ್ಷ ತುಂಬುವಷ್ಟರಲ್ಲಿ ಬಾಲೆಗೆ ಸಾವಿರಾರು ಶ್ಲೋಕಗಳು ಕಂಠಸ್ಥವಾಗಿದ್ದವು. ಹೀಗಿರಲು 1870ರ ದಶಕದ ಕ್ಷಾಮವು ಬಂದು ತಂದೆ, ತಾಯಿ, ಅಕ್ಕ ಈ ಮೂವರೂ ಒಬ್ಬರಾದ ಮೇಲೊಬ್ಬರು ತೀರಿಹೋದರು. ಉಳಿದ ಅಣ್ಣ ಶ್ರೀನಿವಾಸನೊಡನೆ ರಮಾಬಾಯಿಯು ಹಸಿವು ಚಳಿಗಳನ್ನು ಸಹಿಸಿ ನಡೆದು, 1878ರಲ್ಲಿ ಕಲ್ಕತ್ತೆಯನ್ನು ಸೇರಿದಳು. ಅಲ್ಲಿಯ ವಿದ್ವಾಂಸರು ಆಕೆಯ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತೆ, ಸರಸ್ವತಿ ಎಂಬ ಬಿರುದುಗಳನ್ನಿತ್ತರು.

ಕೀರ್ತಿಯು ಬಂದಿತು, ದುಃಖವು ತಪ್ಪಲಿಲ್ಲ. 1880ರಲ್ಲಿ ಅಣ್ಣನು ಮೃತನಾದನು. ಅದೇ ವರ್ಷ ಬಂಗಾಳದ ವಕೀಲರಾದ ಬಿಪಿನ್ ಬಿಹಾರಿ ಮೇಧಾವಿಯವರನ್ನು ಆಕೆ ಲಗ್ನವಾದರು. 1882ರ ಫೆಬ್ರವರಿಯಲ್ಲಿ ಪತಿಯು ವಾಂತಿಭೇದಿಯಿಂದ ತೀರಿಕೊಂಡಾಗ ಮಗಳು ಮನೋರಮೆಗೆ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ವಿಧವೆಯಾದ ರಮಾಬಾಯಿಯವರು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿ, ಸ್ತ್ರೀವಿದ್ಯೆಗಾಗಿ ಹಂಟರ್ ಆಯೋಗದ ಮುಂದೆ ಮಾತನಾಡಿದರು. ವೈದ್ಯವಿದ್ಯೆಯನ್ನು ಕಲಿಯಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹೋದರು. ಕಿವಿಯ ದೋಷವು ಆ ಆಸೆಯನ್ನೂ ಕೆಡಿಸಿತು.

ಆ ವರ್ಷದ ಸೆಪ್ಟೆಂಬರ್ 29ರಂದು ವಾಂಟೇಜಿನಲ್ಲಿ ತಾಯಿಯೂ ಮಗಳೂ ದೀಕ್ಷಾಸ್ನಾನವನ್ನು ಹೊಂದಿದರು. ಆದರೂ ಅವರ ಮನಸ್ಸಿಗೆ ಒಡನೆಯೇ ವಿಶ್ರಾಂತಿ ದೊರೆಯಲಿಲ್ಲವೆಂಬುದನ್ನು ನಾವು ಗಮನಿಸಬೇಕು. ಪಂಡಿತೆಯು ಹೊಸ ಮತದ ತತ್ತ್ವಗಳನ್ನು ಬುದ್ಧಿಯಿಂದ ಗ್ರಹಿಸಿದ್ದರು. ಅಂತರಂಗದ ಭಾರವು ಮಾತ್ರ ಹಾಗೆಯೇ ಉಳಿದಿತ್ತು. ಅಮೆರಿಕದಲ್ಲಿ ಸಂಚರಿಸಿ, ಮೇಲುಜಾತಿಯ ಹಿಂದೂ ಸ್ತ್ರೀಯರ ಕಷ್ಟಗಳನ್ನು ಕುರಿತು 1887ರಲ್ಲಿ ಇಂಗ್ಲಿಷ್ ಪುಸ್ತಕವನ್ನು ಪ್ರಕಟಿಸಿ, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದಾಗಲೂ ಅವರು ಅಂತಃಶಾಂತಿಯನ್ನು ಹುಡುಕುತ್ತಲೇ ಇದ್ದರು. ಎಂಟು ವರ್ಷಗಳಾದ ಮೇಲೆ, ತಾನು ಮತವನ್ನು ಕಂಡಿದ್ದೇನೆಯೇ ಹೊರತು ಮತದ ಒಡೆಯನಾದ ಕ್ರಿಸ್ತನನ್ನು ಕಂಡಿಲ್ಲವೆಂಬುದು ಅವರಿಗೆ ಹೊಳೆಯಿತು. ಆಗ ಅವರು ವಿದ್ಯೆಯ ಅಭಿಮಾನವನ್ನು ಬದಿಗಿಟ್ಟು, ಬರಿಗೈಯಿಂದ ಪ್ರಾರ್ಥಿಸಿ, ತಮ್ಮನ್ನು ಸಂಪೂರ್ಣವಾಗಿ ಆತನಿಗೆ ಒಪ್ಪಿಸಿದರು. ಬಹುಕಾಲ ಅಲೆದ ಜೀವಕ್ಕೆ ನೆಲೆಯು ಸಿಕ್ಕಿತು.

ಈ ವಿಶ್ರಾಂತಿಯು ಕೆಲಸದಿಂದ ಬಿಡುಗಡೆಯಾಗಿರಲಿಲ್ಲ. 1893ರಲ್ಲಿ, ಸದನದಲ್ಲಿ ಮತಾಂತರವಾಗುತ್ತಿದೆಯೆಂಬ ಕೋಲಾಹಲವೆದ್ದು, ಪೋಷಕರು ಅನೇಕ ಹುಡುಗಿಯರನ್ನು ಕರೆದುಕೊಂಡು ಹೋದರು. 1896-97ರ ಕ್ಷಾಮಕಾಲದಲ್ಲಿ ರಮಾಬಾಯಿಯವರು ಮಧ್ಯಪ್ರಾಂತಗಳಿಗೆ ಹೋದಾಗ, ಅಸ್ಥಿಪಂಜರಗಳಂತಿದ್ದ ಹೆಣ್ಣುಮಕ್ಕಳಲ್ಲಿ ತಮ್ಮ ಬಾಲ್ಯವನ್ನೇ ಕಂಡರು. ನೂರಾರು ಮಂದಿಯನ್ನು ಕರೆತಂದು ಪುಣೆಯ ಸಮೀಪದ ಕೇಡಗಾಂವದಲ್ಲಿ ಮುಕ್ತಿ ಸದನವನ್ನು ಕಟ್ಟಿದರು. ಅಮೆರಿಕದ ಮಿತ್ರರು ಹತ್ತು ವರ್ಷಗಳಿಗೆಂದು ವಾಗ್ದಾನಮಾಡಿದ್ದ ಸಹಾಯದ ಅವಧಿಯು 1898ರಲ್ಲಿ ತೀರಿತು. 1900ರ ಹೊತ್ತಿಗೆ ಆಶ್ರಿತರ ಸಂಖ್ಯೆಯು ಸುಮಾರು 1,500ಕ್ಕೆ ಏರಿತ್ತು. ಅಷ್ಟು ಮಂದಿಯ ನಾಳಿನ ಅನ್ನದ ಚಿಂತೆಯನ್ನು ಅವರು ಪ್ರತಿದಿನವೂ ದೇವರ ಸನ್ನಿಧಿಯಲ್ಲಿ ಇಳಿಸಿ, ಎದ್ದು ಕೆಲಸಕ್ಕೆ ಹೋಗುತ್ತಿದ್ದರು. ನೇಯ್ಗೆ, ಬೇಸಾಯ, ಎಣ್ಣೆಗಾಣ, ಅಚ್ಚುಕೂಟ ಇವೆಲ್ಲವೂ ಅಲ್ಲಿ ಸ್ತ್ರೀಯರಿಂದಲೇ ನಡೆದವು. ಕುರುಡರಿಗೂ ಓದು ಕಲಿಸಲ್ಪಟ್ಟಿತು. 1905ರ ಜನವರಿಯಲ್ಲಿ ನಿತ್ಯಪ್ರಾರ್ಥನೆಗೆಂದು ಸುಮಾರು 70 ಮಂದಿ ಕೂಡತೊಡಗಿದರು. ಕೆಲವೇ ತಿಂಗಳಲ್ಲಿ ಆ ಗುಂಪು ನೂರಾರಾಗಿ ಬೆಳೆಯಿತು.

ಕೊನೆಯ ವರ್ಷಗಳಲ್ಲಿ ಇಬ್ರಿಯ, ಗ್ರೀಕ್ ಭಾಷೆಗಳನ್ನು ಕಲಿತು, ಅವರು ಸತ್ಯವೇದವನ್ನು ಸರಳ ಮರಾಠಿಗೆ ಪರಿವರ್ತಿಸುತ್ತಿದ್ದರು. 1921ರ ಜುಲೈಯಲ್ಲಿ, ತನ್ನ ಬಲಗೈಯಂತಿದ್ದ ಮಗಳು ಮನೋರಮೆಯೂ ಅಗಲಿದಳು. ಒಬ್ಬಳೇ ಮಗಳನ್ನು ಕಳೆದುಕೊಂಡ ತಾಯಿಯು ಆ ಶೋಕದಲ್ಲಿಯೂ ಲೇಖನಿಯನ್ನು ಕೆಳಗಿಡಲಿಲ್ಲ. ಕರಡಚ್ಚುಗಳನ್ನು ತಿದ್ದಿ ಮುಗಿಸಿ, 1922ನೆಯ ಏಪ್ರಿಲ್ 5ರಂದು ನಿತ್ಯವಿಶ್ರಾಂತಿಗೆ ಸೇರಿದರು. ಮುಕ್ತಿಯ ಮಹಿಳೆಯರೇ ಅಚ್ಚುಮಾಡಿದ ಆ ಗ್ರಂಥವು 1924ರಲ್ಲಿ ಹೊರಬಂದಿತು.

ಪ್ರಿಯ ವಿದ್ಯಾರ್ಥಿನಿಯರೇ, ಪ್ರಾರ್ಥಿಸುವವರಿಗೆ ಕಷ್ಟವೇ ಬಾರದೆಂದು ಈ ಚರಿತ್ರೆಯು ಕಲಿಸುವುದಿಲ್ಲ. ಹೊರೆಯು ಹೋಗದಿದ್ದರೂ, ಅದನ್ನು ಜತೆಯಲ್ಲಿ ಹೊರುವವನೊಬ್ಬನು ಇದ್ದಾನೆಂದು ತಿಳಿದ ಮನಸ್ಸು ಹಗುರವಾಗುವುದು. ಆ ಹಗುರವಾದ ಮನಸ್ಸೇ ಇತರರ ಹೊರೆಗೆ ಹೆಗಲು ಕೊಡಬಲ್ಲದು. ಒಮ್ಮೆ ಪೆಟ್ಟಿಗೆಯಲ್ಲಿ ಹೊರಲ್ಪಟ್ಟ ನಮ್ಮ ನಾಡಿನ ಆ ಶಿಶುವು ಮುಂದೆ ಸಾವಿರಾರು ಅನಾಥೆಯರನ್ನು ಹೊತ್ತದ್ದು ಹೀಗೆಯೇ.